ಸುತ್ತಿ ಬಂದ ಬೀಗ

ಬುದ್ಧಿವಂತಿಕೆಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ ಗೊಂಚಲಮ್ಮನ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಉಳಿಯುತ್ತಿರಲಿಲ್ಲ. ಇದು ಆಕೆಯದೇ ಅಭಿಪ್ರಾಯ, ಬೇರೆಯವರದಲ್ಲ. ಆರು ಬಾಡಿಗೆ ಮನೆಗಳ ಒಡತಿ. ಆರಕ್ಕೂ ಒಂದೊಂದು ಹೆಚ್ಚುವರಿ ಕೀ ಆಕೆಯ ಸೊಂಟದಲ್ಲಿ. ಆಕೆ ಮೆಟ್ಟಿಲೇರಿದರೆ ಕೀಗೊಂಚಲು ಮೊದಲು ಮೆಟ್ಟಿಲೇರುತ್ತಿತ್ತು; ಆ ಸದ್ದು ಕೇಳಿದ್ದೇ ತಡ, ಮನೆಮನೆಯಲ್ಲೂ ನಲ್ಲಿ ನಿಲ್ಲುತ್ತಿತ್ತು, ಸುಮ್ಮನೆ ತಿರುಗುತ್ತಿದ್ದ ಫ್ಯಾನು ಆರುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ತಾನೇ ಬಾಗಿಲು ತೆಗೆದು ಹೋಗಿ ಆರಿಸಿ ಬರುತ್ತಿದ್ದಳು. ಗೊಂಚಲಮ್ಮ ಅಂತ ಹೆಸರಿಟ್ಟವರು ಬಾಡಿಗೆಯವರೇ. ಎದುರಿಗೆ ಮಾತ್ರ "ಅಮ್ಮಾ, ಅಮ್ಮಾ" ಎಂದು ಬೆಣ್ಣೆಯಂಥ ಮಾತು.

ಆಕೆಯ ಬುದ್ಧಿವಂತಿಕೆಯ ಶಿಖರವೆಂದರೆ ಬೀಗದ ವ್ಯವಸ್ಥೆ. ಮನೆ ಖಾಲಿ ಮಾಡುವವನು ಕೀ ವಾಪಸ್ ಕೊಟ್ಟರೂ, ಇನ್ನೊಂದು ಮಾಡಿಸಿ ಜೇಬಲ್ಲಿ ಇಟ್ಟುಕೊಂಡಿಲ್ಲ ಅಂತ ಏನು ಗ್ಯಾರಂಟಿ? ಹಾಗಾಗಿ ಬೀಗ ಬದಲಾಯಿಸಲೇಬೇಕು. ಆದರೆ ಹೊಸ ಬೀಗವೇನು ಮರದಲ್ಲಿ ಬಿಡುತ್ತದೆಯೇ? ಗೊಂಚಲಮ್ಮ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಿದ್ದಳು. ಖಾಲಿಯಾದ ಮನೆಯ ಬೀಗ ಬಿಚ್ಚಿ ಇನ್ನೊಂದು ಮನೆಗೆ, ಆ ಮನೆಯದನ್ನು ಇಲ್ಲಿಗೆ. ನಾಲ್ಕು ನಾಲ್ಕು ಸ್ಕ್ರೂ, ಅರ್ಧ ಗಂಟೆ ಕೆಲಸ. "ಹೋದವನು ಬಂದು ಕೀ ಹಾಕಿ ಪೆಚ್ಚುಮೋರೆ ಹಾಕ್ಕೊಂಡು ಹೋಗಲಿ" ಎಂದು ನಗುತ್ತಿದ್ದಳು. ಅವನ ಕೀ ಆ ಇನ್ನೊಂದು ಮನೆಯ ಬಾಗಿಲನ್ನು ಸಲೀಸಾಗಿ ತೆಗೆಯುತ್ತದಲ್ಲ ಎಂಬ ಯೋಚನೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆಕೆಯ ಹತ್ತಿರ ಸುಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಎರಡು ತಿಂಗಳ ಹಿಂದೆ ಮೇಲಿನ ಮಹಡಿಯ ನಾಲ್ಕನೇ ಮನೆಗೆ ಒಬ್ಬ ನರ್ಸಮ್ಮ ಬಂದಳು. ಒಂಟಿ ಹುಡುಗಿ, ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಬಾಯಿ ಸ್ವಲ್ಪ ಜೋರು. ಪ್ರತಿ ಸಂಜೆ ಕೆಳಗಿಳಿದು ಬಂದು ಗೊಂಚಲಮ್ಮನ ತೋಳಿಗೆ ಬಿಪಿ ಪಟ್ಟಿ ಸುತ್ತಿ, "ಮತ್ತೆ ಉಪ್ಪಿನಕಾಯಿ ತಿಂದಿದ್ದೀರಾ?" ಎಂದು ಗದರುತ್ತಿದ್ದಳು. ಕಟ್ಟಿಕೊಂಡ ಗಂಡನಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಗೊಂಚಲಮ್ಮ ಆ ಹುಡುಗಿಯ ಮುಂದೆ ತೆಪ್ಪಗೆ ತೋಳು ಚಾಚುತ್ತಿದ್ದಳು. ಆ ಹತ್ತು ನಿಮಿಷಕ್ಕಾಗಿ ನಾಲ್ಕು ಗಂಟೆಯಿಂದಲೇ ಬಾಗಿಲು ನೋಡುತ್ತಿದ್ದಳು ಎಂಬುದನ್ನು ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ, ಅಷ್ಟೇ.

ಒಂದು ಸಂಜೆ ನರ್ಸಮ್ಮ ಪಟ್ಟಿ ತರದೆ ಬರಿಗೈಲಿ ಬಂದು ನಿಂತಳು.

"ಅಮ್ಮಾ, ನಾನಿಲ್ಲದಾಗ ಯಾರೋ ಮನೆಯೊಳಗೆ ಬರ್ತಿದ್ದಾರೆ."

"ಅಯ್ಯೋ ದೇವರೇ! ಏನು ಹೋಯ್ತು?"

"ಏನೂ ಹೋಗಿಲ್ಲ. ಕಿಟಕಿ ಮುಚ್ಚಿದೆ."

"ಮುಚ್ಚಿದ್ರೆ ಒಳ್ಳೇದೇ ಅಲ್ವೇನೇ?"

"ಆ ಕಿಟಕಿ ನಾನು ಬಂದಾಗಿನಿಂದ ಮುಚ್ಚಿಲ್ಲ. ಎರಡು ಕೈಯಲ್ಲಿ ತಳ್ಳಿದ್ರೂ ಜಪ್ಪಯ್ಯ ಅಂದಿಲ್ಲ. ಮೂರು ಬುಧವಾರ ಆಯ್ತು, ಬಂದು ನೋಡಿದ್ರೆ ಚಿಲಕ ಸಮೇತ ಮುಚ್ಚಿರತ್ತೆ. ಕುರ್ಚಿ ಕಿಟಕಿ ಮುಂದೆ ಇರತ್ತೆ."

"ಎಂಥಾ ಒಳ್ಳೇ ಕಳ್ಳನೇ! ಅವನಿಗೆ ನನ್ನ ಬಚ್ಚಲ ಬಾಗಿಲೂ ಸರಿ ಮಾಡೋಕೆ ಹೇಳು."

ಹುಡುಗಿ ನಗಲಿಲ್ಲ. "ಇನ್ನೊಂದು ಕೀ ಇರೋದು ನಿಮ್ಮ ಹತ್ರ ಮಾತ್ರ, ಅಮ್ಮಾ."

ಗೊಂಚಲಮ್ಮನ ನಗು ಬಾಯಲ್ಲೇ ಒಣಗಿತು. ತಾನು ಹೊಕ್ಕು ಬಂದ ಮನೆಗಳಿಗೆ ಲೆಕ್ಕವಿಲ್ಲ ನಿಜ, ಆದರೆ ಈ ಹುಡುಗಿಯ ಮನೆಗೆ ಎರಡು ತಿಂಗಳಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಬೈಸಿಕೊಂಡೇನು ಎಂಬ ಭಯ. "ನಾನಲ್ಲ ಕಣೇ, ಆಣೆಗೂ ನಾನಲ್ಲ" ಅಂದಳು. ಕಟ್ಟಡಕ್ಕೆ ಕಟ್ಟಡವೇ ಸಾಕ್ಷಿ ಇರುವಾಗ ಆ ಮಾತನ್ನು ಯಾರು ನಂಬುತ್ತಾರೆ? ನರ್ಸಮ್ಮ ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದಾಗಿ ಹೇಳಿ ಮೇಲೆ ಹೋದಳು. ಮಾರನೇ ಸಂಜೆ ಬರಲಿಲ್ಲ, ಅದರ ಮಾರನೇ ಸಂಜೆಯೂ ಇಲ್ಲ. ಗೊಂಚಲಮ್ಮನಿಗೆ ಅನ್ನ ಸೇರಲಿಲ್ಲ. ಹೋಗುವವಳು ಹೋಗಲಿ, ತನ್ನನ್ನು ಕಳ್ಳಿ ಅಂದುಕೊಂಡು ಹೋಗುತ್ತಾಳಲ್ಲ ಎಂಬುದೇ ಕೊರಗು.

ಮೂರನೆಯ ದಿನ ಬೀಗದಂಗಡಿಗೆ ಹೋದಳು. ಅಂಗಡಿಯಣ್ಣ ಒಂದೊಂದೇ ಬೀಗ ತೆಗೆದು ಮುಂದಿಟ್ಟ. ನಂಬರ್ ಒತ್ತುವ ಬೀಗ.

"ನಂಬರ್ ಮರೆತರೆ?"

"ಬರೆದಿಟ್ಕೊಳ್ಳಿ."

"ಬರೆದದ್ದನ್ನ ಕಳ್ಳ ಓದಿದ್ರೆ?"

ಬೆರಳಿಟ್ಟರೆ ತೆರೆಯುವ ಬೀಗ. "ಪಾತ್ರೆ ತೊಳೆದೂ ತೊಳೆದೂ ನನ್ನ ಬೆರಳಲ್ಲಿ ಗೆರೇನೇ ಇಲ್ಲ, ಇದಕ್ಕೆ ಏನು ತೋರಿಸ್ಲಿ?" ಅಂದಳು. ಅಂಗಡಿಯಣ್ಣ ತಾಳ್ಮೆಯ ಮನುಷ್ಯ. ಹಳೇ ಬೀಗಕ್ಕೆ ಏನಾಗಿದೆ, ಕೊನೇ ಸಲ ಯಾವಾಗ ಬದಲಾಯಿಸಿದ್ದು ಎಂದು ಕೇಳಿದ. ಗೊಂಚಲಮ್ಮ ಆ ದುಃಖದಲ್ಲೂ ಸ್ವಲ್ಪ ಬೀಗುತ್ತಲೇ ತನ್ನ ವ್ಯವಸ್ಥೆಯನ್ನು ವಿವರಿಸಿದಳು.

ಅಂಗಡಿಯಣ್ಣ ಕೈಯಲ್ಲಿದ್ದ, ಕೀ ಉಜ್ಜುವ ಅರವನ್ನು ಕೆಳಗಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ. "ಅಮ್ಮಾ, ನೀವು ಬೀಗ ಬದಲಾಯಿಸಿಲ್ಲ. ಕಳ್ಳನಿಗೆ ಬಾಗಿಲು ಬದಲಾಯಿಸಿ ಕೊಟ್ಟಿದ್ದೀರಿ ಅಷ್ಟೇ! ಹನ್ನೆರಡು ವರ್ಷದಲ್ಲಿ ಎಷ್ಟು ಜನ ಖಾಲಿ ಮಾಡಿದ್ರು?"

"ಹದಿನೇಳು ಸಂಸಾರ."

"ಹಾಗಿದ್ರೆ ಅರ್ಧ ಊರಿನ ಜೇಬಲ್ಲಿ ನಿಮ್ಮ ಮನೆ ಇದೆ."

ಮಣ್ಣು ಮುಕ್ಕಿದ ಹಾಗಾಯಿತು ಗೊಂಚಲಮ್ಮನಿಗೆ. ಅಲ್ಲೇ ಸ್ಟೂಲಿನ ಮೇಲೆ ಕೂತಳು. "ಆರು ಕೊಡಿ. ಮಾಮೂಲಿ ಕೀ ಇರೋದು, ಗಟ್ಟಿಯಾಗಿರೋದು. ಆರೂ ಹೊಸಾದು" ಅಂದಳು. ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡುವುದನ್ನು ಮರೆತಳು.

ಭಾನುವಾರ ಬೆಳಿಗ್ಗೆ ಅಂಗಡಿಯಣ್ಣ ಬೀಗಗಳನ್ನು ಹೊತ್ತು ತಂದ. ಬಾಡಿಗೆಯವರೆಲ್ಲ ಮೆಟ್ಟಿಲ ಮೇಲೆ ಸೇರಿದರು. ನರ್ಸಮ್ಮ ಕೈಕಟ್ಟಿಕೊಂಡು ಎಲ್ಲರಿಗಿಂತ ಮೇಲೆ ನಿಂತಳು. ಗೊಂಚಲಮ್ಮ ಗಂಟಲು ಸರಿಮಾಡಿಕೊಂಡು ತನ್ನ ದಡ್ಡತನವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. "ನಗ್ರಪ್ಪಾ, ನಗಿ. ಆದ್ರೆ ಹಳೇ ಕೀ ಯಾರ ಹತ್ರ ಇದ್ರೂ ಈಗಲೇ ಕೊಟ್ಬಿಡಿ" ಅಂದಳು.

ಒಂದನೇ ಮನೆಯ ಕಂಡಕ್ಟರ್ ತಾತ ಎದ್ದು ನಿಂತರು. ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾದವರು. ಜೇಬಿನಿಂದ ಸವೆದ ಕೀ ಒಂದನ್ನು ತೆಗೆದು ನರ್ಸಮ್ಮನ ಕಡೆ ಚಾಚಿದರು.

"ಕಿಟಕಿ ಮುಚ್ಚಿದ್ದು ನಾನು ಮಗಳೇ. ಸ್ವಲ್ಪ ಎತ್ತಿ ತಳ್ಳಿದ್ರೆ ಮುಚ್ಚತ್ತೆ."



ಒಂಬತ್ತು ವರ್ಷದ ಹಿಂದೆ ನಾಲ್ಕನೇ ಮನೆ ಅವರದೇ. ಹೆಂಡತಿಗೆ ಮೆಟ್ಟಿಲೇರಲು ಉಸಿರು ಸಾಲದಾದಾಗ ಕೆಳಗಿನ ಮನೆಗೆ ಇಳಿದಿದ್ದರು. ಇಳಿದ ಮೂರೇ ತಿಂಗಳಿಗೆ ಆಕೆ ತೀರಿಕೊಂಡರು. ಮೇಲಿನ ಮನೆಯ ಕೀ ಒಂದು ಆಕೆಯ ಚೀಲದಲ್ಲೇ ಉಳಿದಿತ್ತು. ಅವರು ಕೆಳಗಿಳಿದಾಗ ಗೊಂಚಲಮ್ಮ ನಾಲ್ಕರ ಬೀಗವನ್ನು ಎರಡನೇ ಮನೆಗೆ ಹಾಕಿದ್ದಳು. ನರ್ಸಮ್ಮ ಬಂದಾಗ ಎರಡರದ್ದನ್ನು ಮತ್ತೆ ನಾಲ್ಕಕ್ಕೆ ತಂದಿದ್ದಳು.

"ಬುಧವಾರ ತಾರಸಿಗೆ ಬಟ್ಟೆ ಒಣಹಾಕೋಕೆ ಹೋಗ್ತೀನಲ್ಲ," ತಾತ ಹೇಳಿದರು, "ಒಳಗೆ ಯಾರೂ ಇಲ್ಲ ಅಂತ ಗೊತ್ತಾದಾಗ ಆ ಕೀ ಒಂದ್ಸಲ ಹಾಕಿ ನೋಡ್ತಿದ್ದೆ. ತಿರುಗಲ್ಲ ಅಂತ ಗೊತ್ತಿತ್ತು. ತಿರುಗಲ್ಲ ಅಂತ ಗೊತ್ತಿದ್ದಕ್ಕೇ ಹಾಕ್ತಿದ್ದೆ. ಒಂಬತ್ತು ವರ್ಷ ತಿರುಗದೇ ಇದ್ದದ್ದು ಮೊನ್ನೆ ಒಂದು ಬುಧವಾರ ತಿರುಗಿಬಿಡ್ತು. ಒಂದು ಗಳಿಗೆ, ಒಳಗೆ ಅವಳಿರ್ತಾಳೆ ಅಂದ್ಕೊಂಡೆ. ನನ್ನ ಬಸ್ಸು ಆ ತಿರುವಿಗೆ ಬರೋದನ್ನ ಅವಳು ಅದೇ ಕಿಟಕೀಲಿ ಕೂತು ನೋಡ್ತಿದ್ಲು. ನಾನೂ ಹತ್ತು ನಿಮಿಷ ಕೂತು, ಬಸ್ಸು ಬರೋದು ನೋಡಿ, ಹಳೇ ಅಭ್ಯಾಸಕ್ಕೆ ಕಿಟಕಿ ಮುಚ್ಚಿ ಬಂದ್ಬಿಡ್ತಿದ್ದೆ."

ಗೊಂಚಲಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ನರ್ಸಮ್ಮನ ಕಣ್ಣಲ್ಲೂ ನೀರಿತ್ತು, ಆದರೆ ಸಿಟ್ಟು ಇಳಿದಿರಲಿಲ್ಲ. ಯಾಕೆ ಇಳಿಯಬೇಕು?

"ತಾತ, ನಾನು ಎಷ್ಟು ಹೆದರಿದ್ದೆ ಗೊತ್ತಾ? ಬಾಗಿಲಿಗೆ ಟ್ರಂಕು ಅಡ್ಡ ಇಟ್ಕೊಂಡು ಮಲಗ್ತಿದ್ದೆ."

"ತಪ್ಪಾಯ್ತು ಮಗಳೇ."

"ತಪ್ಪು ಅವರದಲ್ಲ ಕಣೇ, ನಂದು," ಗೊಂಚಲಮ್ಮ ನಡುವೆ ಬಾಯಿ ಹಾಕಿದಳು. ಆ ಮೆಟ್ಟಿಲುಗಳು ಅಂಥ ಮಾತನ್ನು ಎಂದೂ ಕೇಳಿರಲಿಲ್ಲ.

"ಇಬ್ಬರದೂ," ಅಂದಳು ನರ್ಸಮ್ಮ. "ನಾನು ಇಲ್ಲೇ ಇರ್ಬೇಕು ಅಂದ್ರೆ ಹೊಸ ಬೀಗದ ಕೀ ಎಲ್ಲಾ ನನ್ನ ಹತ್ರಾನೇ ಇರ್ಬೇಕು. ನಿಮ್ಮ ಗೊಂಚಲಿಗೆ ಒಂದೂ ಇಲ್ಲ. ಬರೋರು ಬಾಗಿಲು ತಟ್ಟಿ ಬರ್ಬೇಕು, ತಾತಾನೂ ಸೇರಿ."

ಗೊಂಚಲಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ನಲ್ಲಿ ತೆರೆದಿಟ್ಟು ಹೋದರೆ? ಬೆಂಕಿ ಬಿದ್ದರೆ? ಬಾಯಿತನಕ ಬಂದ ಹತ್ತು ಪ್ರಶ್ನೆಗಳನ್ನು ನುಂಗಿಕೊಂಡು, ಪೊಟ್ಟಣ ಒಡೆದು ಮೂರು ಕೀಗಳನ್ನೂ ಹುಡುಗಿಯ ಅಂಗೈಗೆ ಹಾಕಿದಳು. ಅದನ್ನು ಕಂಡ ಉಳಿದವರು ಸುಮ್ಮನಿರುತ್ತಾರೆಯೇ? "ಅಮ್ಮಾ, ನಮಗೂ", "ನಮಗೂ" ಎಂದು ಕೈ ಚಾಚಿದರು. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಗುರಾಗಿ, ನಡೆದರೆ ಸದ್ದೇ ಇಲ್ಲದೆ, ಗೊಂಚಲಮ್ಮನಿಗೆ ತಾನು ಬರುತ್ತಿರುವುದು ತನಗೇ ಗೊತ್ತಾಗುತ್ತಿರಲಿಲ್ಲ.

ಮುಂದಿನ ಬುಧವಾರ ನರ್ಸಮ್ಮನಿಗೆ ರಜೆ. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲೇರಿದರು. ಗೊಂಚಲಮ್ಮನೂ ಆಗಲೇ ಒಣಗಿದ್ದ ಎರಡು ಟವಲ್ ಹಿಡಿದು, ಒಣಗಿಸುವ ನೆಪದಲ್ಲಿ, ನಾಲ್ಕು ಮೆಟ್ಟಿಲು ಹಿಂದೆ ಏರಿದಳು. ತಾತ ಬಾಗಿಲು ತಟ್ಟಿದರು. ಹುಡುಗಿ ತೆರೆದು ಅವರನ್ನು ಒಳಗೆ ಕರೆದಳು. ಆಮೇಲೆ ತಲೆ ಹೊರಗೆ ಹಾಕಿ ಮೆಟ್ಟಿಲ ಕಡೆ ನೋಡಿದಳು.

"ಒಣಗಿರೋ ಬಟ್ಟೇನ ಎಷ್ಟು ಒಣಗಿಸ್ತೀರಿ ಅಮ್ಮಾ? ಒಳಗೆ ಬನ್ನಿ."

ಗೊಂಚಲಮ್ಮ ನಿಂತಲ್ಲೇ ನಿಂತಳು. ಹನ್ನೆರಡು ವರ್ಷ ಆರೂ ಮನೆಗಳನ್ನು ಹೊಕ್ಕು ಬಂದಿದ್ದಳು, ಆದರೆ ಒಳಗೆ ಬನ್ನಿ ಎಂದು ಯಾರೂ ಅಂದದ್ದು ನೆನಪಿಗೆ ಬರಲಿಲ್ಲ. ಕೀ ಇದ್ದವಳನ್ನು ಕರೆಯುವ ಅಗತ್ಯ ಯಾರಿಗಿತ್ತು? ಟವಲ್ಲುಗಳನ್ನು ಕಂಕುಳಲ್ಲಿ ಅವುಚಿಕೊಂಡು ನಾಲ್ಕು ಮೆಟ್ಟಿಲು ಏರಿದಳು. ಹೊಸ್ತಿಲಲ್ಲಿ ನಿಂತು, ಎಂದೂ ಇಲ್ಲದ ಹಾಗೆ, ಎರಡೂ ಕಾಲನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಹೋದಳು.