ಹಿಡಿಯ ಮೇಲಿನ ಮೂರು ಗೀರು

ಮೈಸೂರಿನಿಂದ ತಂದ, ಮರ ಹೆರೆಯುವ ಕಬ್ಬಿಣದ ಹತ್ತರಿಯನ್ನು ಮೂರು ದಿನ ಹೊಸ ಟವಲಿನಲ್ಲಿ ಸುತ್ತಿಟ್ಟುಕೊಂಡು, ಬಂದವರಿಗೆಲ್ಲ ಬಿಚ್ಚಿ ಬಿಚ್ಚಿ ತೋರಿಸಿದೆ. ನಾಲ್ಕನೆಯ ದಿನ ಅದನ್ನು ಹಲಗೆಯ ಮೇಲೆ ಓಡಿಸಿದಾಗ ನನ್ನ ಮಾನ ಹೋಯಿತು. ಅಷ್ಟೇ ಹೋಗಿದ್ದರೆ ಇವತ್ತು ನಗುತ್ತಾ ಹೇಳುತ್ತಿದ್ದೆ.

ಅದು ಅರವತ್ತೆಂಟನೆಯ ಇಸವಿ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಸಾಹುಕಾರರೊಬ್ಬರು ಕಾರು ನಿಲ್ಲಿಸುತ್ತಿದ್ದ ಶೆಡ್ಡು ಖಾಲಿ ಬಿದ್ದಿತ್ತು. ಕಾರು ಮಾರಿಹೋಗಿತ್ತು, ನೆಲದ ಮೇಲೆ ಎಣ್ಣೆಯ ಕಲೆ ಉಳಿದಿತ್ತು. ಅಲ್ಲಿ ನಾನು ಮರಗೆಲಸಕ್ಕೆ ಕೂತೆ. ನಾನು ಆಚಾರಿಗಳ ಮನೆಯವನಲ್ಲ, ಹನಗೋಡಿನ ಒಕ್ಕಲು ಮನೆಯವನು. ಮೈಸೂರಿನಲ್ಲಿ ಒಂದು ವರ್ಷ ತರಬೇತಿ ಮುಗಿಸಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದೆ. ಅಪ್ಪ ಅದನ್ನು ನೋಡಿ, "ಇದು ಅನ್ನ ಇಕ್ಕುತ್ತೇನ್ಲಾ ಅಣ್ಣಯ್ಯ? ಈ ಸಲವೂ ಕೆಲ್ಸ ಸಿಗ್ಲಿಲ್ಲ ಅಂದ್ರೆ ಬಂದು ಒಗೆಸೊಪ್ಪು ಒಣಗ್ಸೋ ಬ್ಯಾರನ್ನಿಗೆ ಬೆಂಕಿ ಆಕು" ಅಂದಿದ್ದರು.

ಆ ಸಲ ಸಿಕ್ಕಿದ್ದು ಜೇನು ಪೆಟ್ಟಿಗೆಯ ಕೆಲಸ. ಜೇನು ಸೊಸೈಟಿಯ ಇನ್‌ಸ್ಪೆಕ್ಟರ್ ಗೋವಿಂದಯ್ಯನವರು ನಕ್ಷೆ ಕೊಟ್ಟು, "ಒಂದು ಮಾದರಿ ಮಾಡಿಡಿ. ಸೋಮವಾರ ಬಂದು ನೋಡ್ತೀನಿ. ಸರಿಯಾಗಿದ್ರೆ ಇನ್ನೂರು ಪೆಟ್ಟಿಗೆ ನಿಮ್ಗೇ" ಅಂದಿದ್ದರು. ಪೆಟ್ಟಿಗೆಯೇನೋ ಸುಲಭ. ಆದರೆ ಒಳಗೆ ಜೇನುಹುಳಗಳು ಮೇಣದ ಎರಿ ಕಟ್ಟುವ ಚೌಕಟ್ಟುಗಳು ತೂಗಬೇಕು. ಅವುಗಳ ಎರಡು ತುದಿಯ ಕಿವಿ ಕೂರಲು ಎರಡು ಹಲಗೆಗಳ ಮೇಲಂಚಿನಲ್ಲಿ ಉದ್ದಕ್ಕೂ ಜಾಡು ತೆಗೆಯಬೇಕು. ಜಾಡು ಆಳವಾದರೆ ಚೌಕಟ್ಟು ತಳಕ್ಕೆ ತಾಗಿ, ಹುಳಗಳು ಮೇಣ ಮೆತ್ತಿ ಅಂಟಿಸಿಬಿಡುತ್ತವೆ. ಕಡಿಮೆಯಾದರೆ ಕೆಳಗಿನ ಖಾಲಿ ಜಾಗದಲ್ಲಿ ಬೇಡದ ಎರಿ ಕಟ್ಟುತ್ತವೆ. ಇನ್ನೂರು ಪೆಟ್ಟಿಗೆಯೂ ನನ್ನ ಅಂಗಡಿಯೂ ಆ ಜಾಡಿನಲ್ಲಿ ಕೂತಿದ್ದವು.

ಹೊಸ ಹತ್ತರಿ ಆ ಜಾಡು ತೆಗೆಯುವುದಕ್ಕೆಂದೇ ತಂದದ್ದು. ನನ್ನ ಹಲಗೆಗಳೋ ಸಾ ಮಿಲ್ಲಿನಲ್ಲಿ ಆಯ್ದ ನಂದಿ ಮರದ ತುಂಡುಗಳು, ನಾರು ಅಡ್ಡಾದಿಡ್ಡಿ. ಹತ್ತರಿ ಒಂದು ಗೇಣು ಓಡಿ ಸಿಬಿರು ಎಬ್ಬಿಸಿತು, ಅಂಚೇ ಕಿತ್ತು ಬಂತು. ಎರಡನೆಯ ಹಲಗೆಯೂ ಹಾಗೇ ಆಯಿತು. ಉಳಿ ಹಿಡಿದು ಕೂತೆ. ಜಾಡು ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಚೌಕಟ್ಟು ಇಟ್ಟರೆ ಕುಂಟಿತು. ಸಿಟ್ಟು ಬಂದು ಉಳಿಯನ್ನು ಎಸೆದೆ. ಅದು ಸರ್ಟಿಫಿಕೇಟಿನ ಕೆಳಗೆ ಹೋಗಿ ಬಿತ್ತು.

ಹಲಗೆ ಅಲುಗದಂತೆ ಹಿಡಿದುಕೊಂಡಿದ್ದ ಜೋಗಯ್ಯ ಆಗ ಬಾಯಿ ಬಿಟ್ಟ. "ಇದ್ನ ಕಡೀಬಾರ್ದು ಬುದ್ದಿ. ಕೆರೀಬೇಕು."

ಜೋಗಯ್ಯ ಕಾಡಂಚಿನ ಹಾಡಿಯ ಜೇನುಕುರುಬ. ವಾರವೆಲ್ಲ ಸಾ ಮಿಲ್ಲಿನ ಹಿಂದೆ ಗುಡಿಸಲಲ್ಲಿದ್ದು ನನಗೆ ಹಲಗೆ ಹೊತ್ತು ತರುತ್ತಿದ್ದ. ನನ್ನಪ್ಪನ ವಯಸ್ಸಿನವನು. ಆದರೂ ನಾನು ಅವನಿಗೆ 'ನೀನು', ಅವನು ನನಗೆ 'ಬುದ್ದಿ'. ಆಗ ನಮ್ಮ ಕಡೆ ಅದು ಯಾರ ಕಣ್ಣಿಗೂ ಚುಚ್ಚುತ್ತಿರಲಿಲ್ಲ, ನನ್ನ ಕಣ್ಣಿಗಂತೂ ಇಲ್ಲವೇ ಇಲ್ಲ.

"ಮರಕ್ಕೆ ಹೊಗೆ ಹಾಕಿ ಜೇನು ಇಳಿಸೋನು ನೀನು, ನನಗೆ ಹೇಳಿಕೊಡ್ತೀಯಾ?" ಅಂದೆ. ಅವನು ನಕ್ಕ.

ಮಾರನೆಯ ದಿನ ಬರುವಾಗ ಅವನ ಕೈಯಲ್ಲಿ ಒಂದು ಹತಾರವಿತ್ತು. ಮುಷ್ಟಿಗೆ ಹಿಡಿಯುವಷ್ಟು ಬೀಟೆ ತುಂಡು, ಅಂಚಿಗೆ ಒರಗಿಸಿ ಎಳೆಯಲು ಅದರಲ್ಲೊಂದು ಮೆಟ್ಟಿಲು. ಸೀಳಿದ ಬಾಯಿಗೆ ಮುರಿದ ಗರಗಸದ ಚೂರನ್ನು ಅರದಿಂದ ಉಜ್ಜಿ ಸಿಕ್ಕಿಸಿದ್ದ. ಹಲಗೆಯ ಅಂಚಿಗೆ ಒತ್ತಿ ಹಿಂದಕ್ಕೂ ಮುಂದಕ್ಕೂ ಎಳೆದ. ನಾರು ಯಾವ ಕಡೆಗಿದ್ದರೂ ಅದಕ್ಕೆ ಲೆಕ್ಕವಿಲ್ಲ, ತೆಂಗಿನಕಾಯಿ ತುರಿದಂತೆ ಸಣ್ಣಗೆ ಪುಡಿ ಉದುರಿತು. ಸ್ವಲ್ಪ ಹೊತ್ತಿಗೆ ಚೂರು ತಾನಾಗಿ ಕೆರೆಯುವುದನ್ನು ನಿಲ್ಲಿಸಿತು. ಅದು ಹೊರಗೆ ಚಾಚಿದ್ದಷ್ಟೇ ಜಾಡಿನ ಆಳ.

ಚೌಕಟ್ಟು ತೂಗಿಸಿ ಅಡಿಯ ಸಂದಿಗೆ ಅಳತೆಪಟ್ಟಿ ಇಟ್ಟೆ. ನಕ್ಷೆಯಲ್ಲಿದ್ದದ್ದಕ್ಕೆ ಒಂದು ಕೂದಲೂ ಆಚೀಚೆ ಇರಲಿಲ್ಲ.

"ಅಳತೆ ಎಲ್ಲಿಂದ ತಗೊಂಡೆ?"

"ಉಳ ಓಡಾಡಕೆ ಎಷ್ಟು ದಾರಿ ಬುಟ್ಕೊತದೆ ಅಂತ ಎಲ್ಡು ಎರಿ ನಡ್ವೆ ನೋಡಿಲ್ವಾ ಬುದ್ದಿ? ಅಷ್ಟೇಯ."

ನಾನು ನೋಡಿರಲಿಲ್ಲ. ಆಮೇಲೆ ಅವನು ಮೊಳೆಯ ಮೊನೆಯಿಂದ ಬೀಟೆಯ ಹಿಡಿಯ ಮೇಲೆ ಓರೆಯಾಗಿ ಮೂರು ಗೀರು ಎಳೆದು, ಪಕ್ಕದಲ್ಲಿ ಒಂದು ಚುಕ್ಕಿ ಹಾಕಿದ. ಏನು ಅಂದದ್ದಕ್ಕೆ, "ನನ್ ಗುರುತು" ಅಂದ. ಕಾಡಿನಲ್ಲಿ ಜೇನು ಕಂಡವನು ಮರಕ್ಕೆ ತನ್ನ ಗುರುತು ಹಾಕಿ ಬರುತ್ತಾನಂತೆ. ತಿಂಗಳು ಕಳೆದು ಹೋದರೂ ಆ ಜೇನು ಅವನದೇ, ಹಾಡಿಯ ಬೇರೆ ಯಾರೂ ಮುಟ್ಟುವುದಿಲ್ಲವಂತೆ.

"ಯಾರಾದ್ರೂ ಅಳಿಸಿಬಿಟ್ರೆ?" ಅಂದೆ, ತಮಾಷೆಗೆ.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರು ಅಳಿಸ್ತಾರೆ?" ಅಂತ ನನ್ನನ್ನೇ ಕೇಳಿದ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತಯಾರಾಗಿತ್ತು. ಇನ್‌ಸ್ಪೆಕ್ಟರು ಬರುವ ಮುಂಚೆ ಮೇಜು ಒರೆಸಿದೆ, ಹತಾರಗಳನ್ನು ಸಾಲಾಗಿ ಇಟ್ಟೆ. ಜೋಗಯ್ಯನ ಹತಾರ ಒರಟಾಗಿ ಕಂಡಿತು. ಉಪ್ಪುಕಾಗದ ತೆಗೆದುಕೊಂಡು ಹಿಡಿಯನ್ನು ಉಜ್ಜತೊಡಗಿದೆ. ನುಣುಪಾಗಲಿ ಅಂತ ಉಜ್ಜುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬೇರೆ ಕಡೆ ಎರಡು ಸಲ ಉಜ್ಜಿದರೆ ಗೀರುಗಳಿದ್ದ ಕಡೆ ಇಪ್ಪತ್ತು ಸಲ ಉಜ್ಜಿದೆ. ಜೀಪಿನ ಸದ್ದು ಕೇಳುತ್ತಲೇ ಜೋಗಯ್ಯನನ್ನು ಟೀ ತರಲು ಕಳಿಸಿದೆ. ಅದೂ ಬೇಕೆಂದೇ.

ಗೋವಿಂದಯ್ಯನವರು ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಇಳಿಸಿ, ಸಂದಿಗೆ ಪಟ್ಟಿ ಇಟ್ಟು ನೋಡಿದರು. "ಇಷ್ಟು ನೀಟಾದ ಜಾಡು ನಾನು ಕಂಡಿಲ್ಲ ಕಣ್ರೀ. ಯಾವುದ್ರಲ್ಲಿ ತೆಗೆದ್ರಿ?"

ಹತಾರ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಭೇಷ್! ಇದನ್ನ ಮಾಡಿದ್ಯಾರು?"

"ನಾನೇ ಸಾರ್" ಅಂದೆ.

ಅಂದ ಮೇಲೆ ತಲೆಯೆತ್ತಿದೆ. ಬಾಗಿಲಲ್ಲಿ ಜೋಗಯ್ಯ ಎರಡು ಕೈಯಲ್ಲೂ ಟೀ ಲೋಟ ಹಿಡಿದು ನಿಂತಿದ್ದ. ನನ್ನ ಕಿವಿ ಕಾದುಹೋಯಿತು. ಆಗಲಾದರೂ ಒಂದು ಮಾತು ಹೇಳಬಹುದಿತ್ತು, "ಇವನು ಹೇಳಿಕೊಟ್ಟ" ಎಂದರೂ ಸಾಕಿತ್ತು. ಇನ್‌ಸ್ಪೆಕ್ಟರು ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತಿದ್ದರು. ನಾನು ನನ್ನ ಇನಿಶಿಯಲ್ ಹೇಳಿದೆ.

ಅವರು ಹೋದ ಮೇಲೆ ಜೋಗಯ್ಯ ಲೋಟ ಎತ್ತಿಟ್ಟು, ಹತಾರವನ್ನು ಕೈಗೆ ತೆಗೆದುಕೊಂಡ. ಗೀರುಗಳಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಸಲ ಆಡಿಸಿ, ನಿಲ್ಲಿಸಿ, ಇನ್ನೊಂದು ಸಲ ಆಡಿಸಿದ.

"ನುಣುಪು ಮಾಡೋಕೆ ಹೋದೆ ಕಣ ಜೋಗಯ್ಯ, ನೋಡ್ಲಿಲ್ಲ" ಅಂದೆ.

"ಆಗ್ಲಿ ಬುಡಿ ಬುದ್ದಿ." ಹತಾರವನ್ನು ಮೇಜಿನ ಮೇಲಿಟ್ಟು, ಹಲಗೆ ತರಲು ಸಾ ಮಿಲ್ಲಿಗೆ ಹೋದ.

ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ದಿನವೂ ಬಂದ, ಹಲಗೆ ಹಿಡಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ. ಒಂದು ವಾರದ ಮೇಲೆ ಕೃಷ್ಣರಾಜನಗರದಿಂದ ಚಲುವಯ್ಯ ಎಂಬ ಆಚಾರಿ ಬಂದರು. "ಇನ್‌ಸ್ಪೆಕ್ಟರು ಹೇಳಿ ಕಳ್ಸಿದ್ರು. ಅದೇನೋ ಅಣ್ಣಯ್ಯನ ಹತಾರ ಅಂತೆ, ನೋಡ್ಕೊಂಡು ಹೋಗಾನ ಅಂತ ಬಂದೆ" ಅಂದರು. ನಾಲ್ಕು ತಲೆಮಾರಿನ ಆಚಾರಿ, ನನ್ನೆದುರು ಕೈಕಟ್ಟಿ ನಿಂತು ಹೊಗಳಿದರು. ಜೋಗಯ್ಯ ಮೂಲೆಯಲ್ಲಿ ಪುಡಿ ಗುಡಿಸುತ್ತಿದ್ದ. ಅವತ್ತೂ ನಾನು ಬಾಯಿ ಬಿಡಲಿಲ್ಲ. ಆಚಾರಿ ಅಳತೆ ಬರೆದುಕೊಂಡು ಬಸ್ಸು ಹತ್ತಿದರು.

ಆ ಸಂಜೆ ಮೊಳೆ ಹಿಡಿದು, ಅಳಿಸಿದ್ದನ್ನು ನಾನೇ ಮತ್ತೆ ಬರೆದುಬಿಡೋಣವೆಂದು ಕೂತೆ. ಗೀರು ಎಡಕ್ಕೆ ಓರೆಯಿತ್ತೋ ಬಲಕ್ಕೋ ನೆನಪಾಗಲಿಲ್ಲ. ಚುಕ್ಕಿ ಯಾವ ಪಕ್ಕದಲ್ಲಿತ್ತೆಂದೂ ಗೊತ್ತಿಲ್ಲ. ಅಳಿಸುವ ಮುಂಚೆ ಎಷ್ಟೋ ಸಲ ಅದನ್ನೇ ಹಿಡಿದು ಕೆಲಸ ಮಾಡಿದ್ದೆ.

ಬೆಳಿಗ್ಗೆ ಜೋಗಯ್ಯ ಬಂದಾಗ ಹತಾರವನ್ನೂ ಮೊಳೆಯನ್ನೂ ಅವನ ಮುಂದೆ ಹಿಡಿದೆ. "ತಪ್ಪಾಯ್ತು ಜೋಗಯ್ಯ. ನಿನ್ ಗುರುತು ಮತ್ತೆ ಹಾಕು. ಇನ್‌ಸ್ಪೆಕ್ಟರಿಗೂ ಹೇಳ್ತೀನಿ."

ಅವನು ಮೊಳೆಯನ್ನು ನೋಡಿದ. ತೆಗೆದುಕೊಳ್ಳಲಿಲ್ಲ.

"ಗುರುತು ಆಕಾದು ಜೇನು ಇಳ್ಸಕ್ಕೆ ಮುಂಚೆ ಬುದ್ದಿ. ಇಳ್ಸ್ಕೊಂಡು ತಿಂದಾದ ಮ್ಯಾಲೆ ಬರೀ ಮರಕ್ಕೆ ಯಾಕೆ?"

ಹೇಳಿ, ಮುಂದಿನ ಹಲಗೆಯನ್ನು ಎತ್ತಿ ಮೇಜಿನ ಮೇಲಿಟ್ಟು, ನಾನು ಕೆರೆಯಲೆಂದು ಅಲುಗದಂತೆ ಹಿಡಿದುಕೊಂಡ.