ಐದನೇ ಸಾಲು

ಪ್ರೊಫೆಸರರು ಎಸೆದ ಮರದ ಡಸ್ಟರ್ ಹುಡುಗಿಯ ಎಡಹುಬ್ಬಿಗೆ ಬಡಿದು ನೆಲಕ್ಕೆ ಬಿದ್ದಾಗ ಸೆಮಿನಾರ್ ಕೋಣೆಯಲ್ಲಿದ್ದ ಒಬ್ಬರೂ ಮಿಸುಕಲಿಲ್ಲ. ಸೀಮೆಸುಣ್ಣ ಹಿಡಿದೇ ನಿಂತಿದ್ದ ಅವಳ ಕಣ್ಣಿಗೆ ರಕ್ತ ಇಳಿಯಿತು.

"ಸಾರ್, ಎಷ್ಟು ಸಲ ನೋಡಿದ್ರೂ ಅಷ್ಟೇ. ನಿಮ್ಮ ಪ್ರೂಫಿನ ಐದನೇ ಸಾಲು ನಿಲ್ಲಲ್ಲ."

ಪ್ರೊಫೆಸರರಿಗೆ ಸಿಟ್ಟಿನಿಂದ ಕಣ್ಣು ಕತ್ತಲಿಟ್ಟಿತು. ಮೇಜು ಸುತ್ತಿ ಬಂದು ಅವಳ ಕೊರಳಪಟ್ಟಿ ಹಿಡಿದು ಬೋರ್ಡಿಗೆ ಅಪ್ಪಳಿಸಿದರು. ಒಮ್ಮೆ. ಇನ್ನೊಮ್ಮೆ. ಮೂರನೆಯ ಸಲ ಅವಳ ಕಾಲು ಜಾರಿ, ದವಡೆ ಬೋರ್ಡಿನ ಕೆಳಗಿನ ಕಬ್ಬಿಣದ ಪಟ್ಟಿಗೆ ಬಡಿದು ಕಟಕ್ಕೆಂದಿತು. ಆಗ ಇಬ್ಬರು ಎದ್ದು ಬಂದು ಅವರ ತೋಳು ಹಿಡಿದೆಳೆದರು.

ಅವರನ್ನು ಅವರ ಕೋಣೆಗೇ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಮೇಜಿನ ಮೇಲೆ ಆ ಸಾಲಿದ್ದ ಅವರ ಹಳೆಯ ಪ್ರಬಂಧವೇ ಇತ್ತು. ಆಪರೇಟರ್ ಆಲ್ಜೀಬ್ರಾ ಎಂಬ ಗಣಿತದ ಶಾಖೆಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದರು. ಹೆಸರು, ಹುದ್ದೆ ಎಲ್ಲ ಬಂದದ್ದು ಈ ಒಂದು ಪ್ರಮೇಯದಿಂದ. ಹೆಂಡತಿ ಹೆರಿಗೆಗೆ ಹೋದ ದಿನವೂ ಅದನ್ನೇ ತಲೆಯಲ್ಲಿ ಹೊತ್ತು ತಿರುಗಿದ್ದರು. ಬೆರಳುಗಳ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಪುಟ ತಿರುವಿ ಐದನೇ ಸಾಲಿಗೆ ಬಂದರು.

ಹತ್ತು ನಿಮಿಷ ಸಾಕಾಯಿತು. ಎರಡು ಸರಣಿಗಳೂ ಬೇರೆ ಬೇರೆಯಾಗಿ ಸೊನ್ನೆಯತ್ತ ಹೋಗುತ್ತಿದ್ದವು. ಆದ್ದರಿಂದ ಅವುಗಳ ಗುಣಲಬ್ಧವೂ ಸೊನ್ನೆಯತ್ತ ಹೋಗುತ್ತದೆ ಎಂದು ಬರೆದುಬಿಟ್ಟಿದ್ದರು. ಬರಿಯ ಸಂಖ್ಯೆಗಳಿಗೆ ಅದು ನಿಜ, ಆಪರೇಟರ್‌ಗಳ ಆ ಲೋಕದಲ್ಲಿ ಹಾಗೆ ಆಗಬೇಕೆಂದೇನೂ ಇಲ್ಲ. ಇದನ್ನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹುಷಾರು ಎಂದು ಎಚ್ಚರಿಸಿ ಕಲಿಸುತ್ತಿದ್ದವರು ಅವರೇ. ಅವಳಿಗೂ ಅವರೇ ಕಲಿಸಿದ್ದು.

ಚಿಲಕ ತೆಗೆದ ವಿಭಾಗದ ಮುಖ್ಯಸ್ಥರು ದನಿ ತಗ್ಗಿಸಿದರು. "ಪೊಲೀಸ್ರು ಬಂದ್ ಹೋದ್ರು. ಕಾಲು ಜಾರಿ ಬಿದ್ಲು ಅಂತ ನಾವೆಲ್ಲ ಹೇಳಿದೀವಿ. ನೀವು ಬಾಯಿ ಬಿಡ್ಬೇಡಿ, ಅಷ್ಟೇ."

ಪ್ರೊಫೆಸರರು ಆಗಲಿ ಎಂದು ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಯಾಕೆ ಹೋದರೋ ಅವರಿಗೇ ಗೊತ್ತಿರಲಿಲ್ಲ. ವಾರ್ಡಿನ ಕೊನೆಯ ಮಂಚದಲ್ಲಿ ಹುಡುಗಿ ದವಡೆಗೆ ತಂತಿ ಬಿಗಿಸಿಕೊಂಡು ಒರಗಿದ್ದಳು. ಪಕ್ಕದಲ್ಲಿ ಅವಳಪ್ಪ, ವೆಲ್ಡಿಂಗ್ ಕೆಲಸದವನು, ಸ್ಟೂಲಿನ ಮೇಲೆ ಕೂತಿದ್ದ.

"ನೀವೇನಾ ಮೇಷ್ಟ್ರು?"

"ಹೌದು."

ಅವನ ಮೊದಲ ಗುದ್ದಿಗೇ ಎರಡು ಹಲ್ಲು ಉದುರಿದವು. ಎರಡನೆಯದಕ್ಕೆ ಸಲೈನ್ ಸ್ಟ್ಯಾಂಡಿನ ಸಮೇತ ನೆಲಕ್ಕುರುಳಿದರು. ಪಕ್ಕೆಲುಬಿಗೆ ಒದೆ ಬಿತ್ತು. ಬಲಗೈ ಮೇಲೆ ಬೂಟು ಊರಿ ತಿರುಗಿತು. ನರ್ಸ್ ಕಿರುಚಿಕೊಂಡು ಹೊರಗೋಡಿದಳು. ಪ್ರೊಫೆಸರರು ತಡೆಯಲು ಕೈ ಎತ್ತಲಿಲ್ಲ.

"ಆರು ತಿಂಗಳ ಮಗು ಇದ್ದಾಗ ಅವಳಮ್ಮ ಹೋದ್ಲು. ಒಂದೇಟು ಹಾಕದೆ ಬೆಳೆಸ್ದೋನು ಕಣಯ್ಯಾ ನಾನು! ಒಂದೇ ಒಂದೇಟು!"

ಹುಡುಗಿ ಸ್ಟೀಲ್ ಲೋಟದಿಂದ ಮಂಚದ ಸರಳಿಗೆ ಕುಟ್ಟತೊಡಗಿದಳು. ಅಪ್ಪ ನಿಲ್ಲಿಸುವವರೆಗೂ ಕುಟ್ಟಿದಳು. ಆಮೇಲೆ ಮಾತಿಗೆಂದು ಕೊಟ್ಟಿದ್ದ ಪುಸ್ತಕದಲ್ಲಿ ಗೀಚಿ ಪ್ರೊಫೆಸರರತ್ತ ತಿರುಗಿಸಿದಳು. 'ನೋಡಿದ್ರಾ?'

"ನೋಡ್ದೆ." ಅವರು ರಕ್ತ ಉಗುಳಿ ಸ್ಟೂಲು ಹಿಡಿದು ಮಂಡಿಯೂರಿದರು. "ನೀನು ಹೇಳಿದ್ದೇ ಸರಿ. ನನ್ನದು ಸುಳ್ಳು."

ಅವಳ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಕನಿಕರವೂ ಇರಲಿಲ್ಲ. ಪುಸ್ತಕ, ಪೆನ್ನು ಅವರ ಮುಂದೆ ಸ್ಟೂಲಿನ ಮೇಲೆ ಇಟ್ಟಳು. ಪ್ರಮೇಯ ತಪ್ಪೆಂದೂ ಅದನ್ನು ಕಂಡುಹಿಡಿದದ್ದು ಅವಳೆಂದೂ ಬರೆದು ಅವರು ಸಹಿ ಹಾಕಿದರು.

ಅಪ್ಪ ಬಗ್ಗಿ, ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಓದಿದ. "ಇದು ನಿಮ್ಮಿಬ್ಬರ ಲೆಕ್ಕದ ವಿಷ್ಯ, ನಂಗೆ ಅರ್ಥ ಆಗಲ್ಲ. ಜಾರಿ ಬಿದ್ಲು ಅಂತ ಬರ್ಕೊಟ್ಟಿದಾರಲ್ಲ ನಿಮ್ಮೋರು? ಅದೂ ಸರೀನಾ?"

"ಅಲ್ಲ."

"ಹಂಗಾದ್ರೆ ಬರೀರಿ."

ಕಾರಿಡಾರಿನಲ್ಲಿ ಓಡಿ ಬರುವ ಹೆಜ್ಜೆಗಳು ಕೇಳಿಸಿದವು. ಪ್ರೊಫೆಸರರು ಹೊಸ ಹಾಳೆ ತಿರುವಿದರು. ಹೆಸರು ಹೋಗಿತ್ತು, ಇದನ್ನು ಬರೆದರೆ ಕೆಲಸ, ಮನೆ, ಜೈಲಿನ ಹೊರಗಿನ ಬಾಳು ಎಲ್ಲ ಹೋಗಲಿತ್ತು. ಅಷ್ಟರಲ್ಲಿ ಇನ್ನಷ್ಟು ಊದಿಕೊಂಡ ಬಲಗೈ ಬೆರಳುಗಳಿಗೆ ಪೆನ್ನು ದಕ್ಕಲಿಲ್ಲ. ಎಡಗೈಗೆ ಬದಲಿಸಿಕೊಂಡು 'ನಾನು' ಎಂದು ಬರೆಯುವಷ್ಟರಲ್ಲಿ ಪುಸ್ತಕ ಜಾರತೊಡಗಿತು.

ಅಪ್ಪ ಸುಟ್ಟ ಕಲೆಗಳಿದ್ದ ಅಂಗೈ ಚಾಚಿ, ಪುಸ್ತಕದ ಅಂಚನ್ನು ಅಲುಗದಂತೆ ಒತ್ತಿ ಹಿಡಿದ.