ನಾಲ್ಕನೇ ಆಕ್ಷೇಪ

ಕೋಪನ್‌ಹೇಗನ್ನಿನ ನಮ್ಮ ಪ್ರಯೋಗಾಲಯದಲ್ಲಿ ವಿಗ್ಗೊ ಥೋರುಪ್ ಮೂವತ್ತು ವರ್ಷ, ರೋಗದೊಡನೆ ಸೆಣಸುವ ಪ್ರತಿಕಾಯಗಳ ಬೆನ್ನು ಹತ್ತಿದವರು. ಅವರ ಕೈಯಲ್ಲೇ ಪಳಗಿದ ರಿಕ್ಕೆ ಬೇರೆ ಕಡೆ ಹೋಗಿ, ಎರಡು ಕೈಗಳ ಪ್ರತಿಕಾಯವೊಂದನ್ನು ಕಟ್ಟಿದಳು. ಒಂದು ಕೈ ಕ್ಯಾನ್ಸರ್ ಕೋಶವನ್ನು ಹಿಡಿಯುತ್ತದೆ, ಇನ್ನೊಂದು ರಕ್ತದಲ್ಲಿನ ಕಾವಲು ಕೋಶವನ್ನು ಎಳೆದು ತಂದು ಅದರ ಮುಂದೆ ನಿಲ್ಲಿಸುತ್ತದೆ. ಅವಳ ಲೇಖನವನ್ನು ಪತ್ರಿಕೆಯೊಂದು ಅಭಿಪ್ರಾಯಕ್ಕೆಂದು ಗುಟ್ಟಾಗಿ ವಿಗ್ಗೊ ಅವರಿಗೇ ಕಳಿಸಿತು. ಅವರು ಹನ್ನೆರಡು ಆಕ್ಷೇಪ ಬರೆದು, 'ಇಲಿಗಳಿಗೆ ಸರಿ, ಮನುಷ್ಯರಿಗೆ ಆಗುವ ಮಾತಲ್ಲ' ಎಂದು ತಳ್ಳಿಹಾಕಿದರು. ಕೆಳಗೆ ಹೆಸರು ಹಾಕಬೇಕಾಗಿರಲಿಲ್ಲ.

ಕೆಲವು ವರ್ಷಗಳ ನಂತರ, ಅರವತ್ತೇಳನೆಯ ವಯಸ್ಸಿನಲ್ಲಿ, ಅವರಿಗೇ ಲಿಂಫೋಮಾ ಎಂಬ ಕ್ಯಾನ್ಸರ್ ಬಂತು. ಎರಡು ಸಲ ಕಿಮೊ ಆದರೂ ಕತ್ತಿನ ಗಂಟುಗಳು ಮತ್ತೆ ಎದ್ದವು. ಅವರು ಜೀವಮಾನವಿಡೀ ನೆಚ್ಚಿದ್ದ, ಕ್ಯಾನ್ಸರ್ ಕೋಶವನ್ನಷ್ಟೇ ಹಿಡಿಯುವ ಒಂಟಿ ಗುರಿಯ ಪ್ರತಿಕಾಯವೂ ಕೈಕೊಟ್ಟಿತು.

"ಒಂದು ಹೊಸ ಔಷಧದ ಪ್ರಯೋಗ ನಡೀತಿದೆ, ಸೇರ್ಕೊಳ್ತೀರಾ?" ಎಂದು ವೈದ್ಯೆ ಒಪ್ಪಿಗೆ ಪತ್ರ ಮುಂದಿಟ್ಟರು.

ಎರಡು ಕೈಗಳ ಆ ಔಷಧದ ವಿವರ ಓದಿ ವಿಗ್ಗೊ ಕನ್ನಡಕ ತೆಗೆದು ಒರೆಸಿದರು. "ಇದು ಮನುಷ್ಯರಿಗೆ ಆಗಲ್ಲ ಅಂತ ಯಾರೋ ಬರೆದಿದ್ರಲ್ಲ."

"ಬರೆದವರಿಗೆ ಕಾಯಿಲೆ ಇರಲಿಲ್ಲ ಅನ್ಸುತ್ತೆ," ಎಂದರು ವೈದ್ಯೆ.

ವಿಗ್ಗೊ ಸಹಿ ಹಾಕಿದರು. ಮೊದಲ ಸಣ್ಣ ಪ್ರಮಾಣಕ್ಕೇ ಜ್ವರ ಏರಿ, ಮಂಚ ಅಲುಗುವಷ್ಟು ನಡುಕ ಬಂತು. ಮೂರನೆಯ ದಿನ ಇಳಿಯಿತು. ಆವತ್ತು ಮಧ್ಯಾಹ್ನ ರಿಕ್ಕೆ ದಾಲ್ಚಿನ್ನಿ ಬನ್ನು ಹಿಡಿದುಕೊಂಡು ಬಂದಳು. ನಾನೂ ಅಲ್ಲೇ ಕೂತಿದ್ದೆ.

ವಿಗ್ಗೊ ಕಿಟಕಿಯ ಕಡೆ ನೋಡುತ್ತ ಹೇಳಿದರು: "ರಿಕ್ಕೆ, ನಿನ್ನ ಲೇಖನ ತಳ್ಳಿಹಾಕಿದ್ದು ನಾನೇ."

"ಗೊತ್ತು. ಅದರಲ್ಲಿ ಅಲ್ಪವಿರಾಮ ಕೂಡ ತಿದ್ದಿದ್ರಿ. ಇನ್ಯಾರಿಗಿದೆ ಅಷ್ಟು ಪುರುಸೊತ್ತು?"

"ಗೊತ್ತಿದ್ದೂ ಸುಮ್ನಿದ್ಯಾ?"

"ಒಂದೂವರೆ ವರ್ಷ ಬೈಕೊಂಡೆ. ಆದರೆ ನಿಮ್ಮ ನಾಲ್ಕನೇ ಆಕ್ಷೇಪ ಸರಿ ಇತ್ತು. ಒಂದೇ ಸಲ ಪೂರ್ತಿ ಕೊಟ್ರೆ ಕಾವಲು ಕೋಶಗಳು ರೊಚ್ಚಿಗೆದ್ದು ರೋಗಿಯನ್ನೇ ಮುಗಿಸ್ತವೆ ಅಂದಿದ್ರಿ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಏರಿಸೋ ಹಾಗೆ ಮಾಡಿದ್ವಿ. ಇಲ್ದಿದ್ರೆ ನೀವಿವತ್ತು ಬನ್ನು ತಿಂತಿರಲಿಲ್ಲ."

ಬೈಗುಳಕ್ಕೆ ಸಿದ್ಧರಾಗಿದ್ದ ವಿಗ್ಗೊ ಬನ್ನು ಮುರಿದರು. ಅವರ ಕಣ್ಣು ತುಂಬಿದ್ದನ್ನು ನಾವಿಬ್ಬರೂ ಜ್ವರದ ಲೆಕ್ಕಕ್ಕೆ ಹಾಕಿದೆವು.

ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗಂಟುಗಳ ಸುಳಿವಿರಲಿಲ್ಲ. ಈಗ ಶುಕ್ರವಾರದ ಉಪಾಹಾರಕ್ಕೆ ಪ್ರಯೋಗಾಲಯಕ್ಕೆ ಬಂದಾಗಲೆಲ್ಲ ವಿಗ್ಗೊ, ತಮ್ಮ ನಾಲ್ಕನೇ ಆಕ್ಷೇಪ ಎಷ್ಟು ಜೀವ ಉಳಿಸಿತೆಂದು ಹೊಸಬರಿಗೆ ವಿವರಿಸುತ್ತಾರೆ. ಉಳಿದ ಹನ್ನೊಂದರ ಬಗ್ಗೆ ಯಾರೂ ಕೇಳುವುದಿಲ್ಲ. ಆ ದಿನ ತಾನೂ ತಪ್ಪದೆ ಬರುವ ರಿಕ್ಕೆ ಅವರ ಲೋಟಕ್ಕೆ ಕಾಫಿ ಸುರಿಯುತ್ತಾಳೆ.